ಹಲಗೆಯ ಮೇಲೆ ದಿನಕ್ಕೊಂದು ದೇಶ

ಸೇಡಂ ಕೋರ್ಟಿನ ಎದುರಿಗಿರುವ ನನ್ನ ಖಾನಾವಳಿಯ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದೆ. ಅದರ ಮೇಲೆ ಆ ದಿನದ ಅಡುಗೆ ಬರೆಯುವುದು ರೂಢಿ. ಒಂದು ಮಂಗಳವಾರ ಹೀಗೆ ಬರೆದಿತ್ತು: ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಬ್ರೆಜಿಲ್. ಕೋರ್ಟಿನ ತಾರೀಖಿಗೆಂದು ಬಂದಿದ್ದ ರೈತನೊಬ್ಬ ಅದನ್ನು ನಿಂತು ಪೂರ್ತಿ ಓದಿದ. ಒಳಗೆ ಬಂದು ಕೂತು, ಎಲ್ಲಾ ಒಂದೊಂದು ಹಾಕಿರಿ, ಬ್ರೆಜಿಲ್ ಭಾಳ ಖಾರ ಇದ್ದರೆ ಮಾತ್ರ ಸ್ವಲ್ಪೇ ಹಾಕಿರಿ ಅಂದ. ಮೂಲೆಯ ಮೇಜಿನಲ್ಲಿದ್ದ ವಕೀಲಬಾಯಿಗೆ ತುತ್ತು ನೆತ್ತಿಗೇರಿತು. ನಾನು ಬೆನ್ನಿಗೆ ನಾಲ್ಕು ಗುದ್ದಿ ನೀರು ಕುಡಿಸಬೇಕಾಯಿತು. ಉಸಿರು ಬಂದ ಮೇಲೆ ಅವರು ಆ ರೈತನಿಗೆ ಹೇಳಿದ್ದು ಇಷ್ಟೇ:

"ಖಾರ ಅದರಿ ಅಣ್ಣಾರ. ಒಮ್ಮಿ ನಾಲಿಗಿಗಿ ಹತ್ತಿದ್ರ ಎಷ್ಟ ವರ್ಷ ಆದ್ರೂ ಇಳಿಯಂಗಿಲ್ಲ."

ಆ ಮನುಷ್ಯನಿಗೆ ತಿಳಿಯಲಿಲ್ಲ. ನಮಗೆ ತಿಳಿಯಿತು. ಬ್ರೆಜಿಲ್ ಎಂಬ ದೇಶದಲ್ಲಿ ಬಣ್ಣ, ಜನಾಂಗ ನೋಡಿ ಒಬ್ಬರನ್ನು ಕೀಳು ಮಾಡುವುದು ಎಂಥ ಗುನ್ಹೆ ಎಂದರೆ ಅದಕ್ಕೆ ಜಾಮೀನಿಲ್ಲ, ಎಷ್ಟು ವರ್ಷ ಕಳೆದರೂ ಕೇಸು ಹಳತಾಗುವುದಿಲ್ಲ. ಇದನ್ನು ಅವರು ಅರ್ಧ ಗಂಟೆ ಮುಂಚೆ ಎಲ್ಲರಿಗೂ ವಿವರಿಸಿ ಮುಗಿಸಿದ್ದರು.

ಅವರ ಹೆಸರು ಸುಜಾತಾಬಾಯಿ. ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ವಕೀಲಬಾಯಿ. ಚಿಂಚೋಳಿಗೆ ಹತ್ತಿದಂತೆ ಇರುವ ಚಂದಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಗಂಡಸರು ಮೆಟ್ಟುವಂಥ ಚಪ್ಪಲಿ, ಮೊಣಕೈ ಹತ್ತಿರ ಹೊಳಪು ಬಂದ ಕರಿ ಕೋಟು, ಬಗಲಿಗೆ ನೀಲಿ ರಟ್ಟಿನ ದಪ್ಪ ವಹಿ. ಊಟಕ್ಕೆ ಕೂತರೆ ಮೂರು ರೊಟ್ಟಿ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕೊಯ್ದು ಕೊಟ್ಟರೆ ತಿನ್ನುತ್ತಿರಲಿಲ್ಲ. ಮೇಜಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯಬೇಕು. ಆ ಸಪ್ಪಳಕ್ಕೆ ಪಕ್ಕದ ಮೇಜಿನ ಕಕ್ಷಿದಾರರು ಬೆಚ್ಚುತ್ತಿದ್ದರು. ಎದುರು ಪಕ್ಷದವರಾದರೆ ಇನ್ನೂ ಹೆಚ್ಚು.

ಆ ವಹಿಯಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಪುಟ ಇತ್ತು. ಯಾವ ದೇಶದ ಕಾನೂನು ಜನಾಂಗದ ಭೇದಭಾವ ಅಂದರೆ ಏನು ಅಂತ ಹೇಳುತ್ತದೆ, ಅದರಲ್ಲಿ ಏನೇನು ಸೇರಿಸಿದೆ, ಏನು ಬಿಟ್ಟಿದೆ, ಅಷ್ಟೇ. ಇದೇನು ಹುಚ್ಚು ಅಂತ ನಾನು ಒಮ್ಮೆ ನೇರವಾಗಿ ಕೇಳಿದೆ. ಕಾನೂನು ಓದುವಾಗ ಒಬ್ಬ ಮೇಷ್ಟ್ರು ಭೇದಭಾವ ಅಂದರೇನು ಅಂತ ಪ್ರಶ್ನೆ ಹಾಕಿದರಂತೆ. ಇವರು ಎದ್ದು ನಿಂತು, ಶಹಾಬಾದಿನ ಕಲ್ಲಿನ ಖಣಿಯಲ್ಲಿ ತಮ್ಮಪ್ಪನಿಗೆ ಕುಡಿಯುವ ನೀರು ಹೇಗೆ ಮೇಲಿಂದ ಬೊಗಸೆಗೆ ಸುರಿಯುತ್ತಿದ್ದರು ಅಂತ ಹೇಳಿದರಂತೆ. ಮೇಷ್ಟ್ರು ಅಂದರಂತೆ, ಕಥೆ ಬೇಡ, ವ್ಯಾಖ್ಯಾನ ಹೇಳು.

"ಅವತ್ತಿಂದ ವ್ಯಾಖ್ಯಾನ ಕೂಡಸಾಕತ್ತೀನಿ ಗಂಗಕ್ಕ. ಯಾವುದರಾಗ ನಮ್ಮಪ್ಪನ ಬೊಗಸಿ ಹಿಡಸ್ತದೋ ನೋಡಬೇಕಂತ."

ಹೀಗೆ ಹೇಳುವಾಗಲೂ ನಗುತ್ತಲೇ ಇದ್ದರು. ಅಳುಬುರುಕಿ ಹೆಂಗಸಾಗಿದ್ದರೆ ನನಗೂ ಅವರಿಗೂ ಒಂದು ದಿನವೂ ಕೂಡಿ ಬರುತ್ತಿರಲಿಲ್ಲ.

ಹಲಗೆಯ ಮೇಲೆ ದೇಶ ಬರೆಯುವುದನ್ನು ಅವರೇ ಶುರು ಮಾಡಿದ್ದು. ನಾನು ಓದಿದ್ದು ನಾಲ್ಕನೇ ಇಯತ್ತೆ. ಅಡುಗೆ ಹೆಸರುಗಳನ್ನು ನಾನು ಬರೆದರೆ ಅಕ್ಷರ ಒಂದರ ಮೇಲೊಂದು ಬೀಳುತ್ತವೆ. ಅವರು ಬೆಳಿಗ್ಗೆ ಬಸ್ಸಿಳಿದು ಬರುವಾಗ ನನ್ನ ಕೈಯಿಂದ ಖಡು ಕಸಿದುಕೊಂಡು ಬರೆದುಕೊಡುತ್ತಿದ್ದರು. ಬರೆದಾದ ಮೇಲೆ ಉಳಿದ ಜಾಗ ನೋಡಿ ಸುಮ್ಮನಿರಲಾಗದೆ ಒಂದು ದೇಶ ಸೇರಿಸಿದರು. ಆಮೇಲೆ ಅದು ರೂಢಿಯಾಯಿತು. ಊಟದ ಹೊತ್ತಿಗೆ ಯಾರಾದರೂ ಊರಿನ ಒಂದು ಜಗಳ ತರಬೇಕು, ಅವರು ಆ ದಿನದ ದೇಶದ ಕಾನೂನು ಅದಕ್ಕೆ ಹಚ್ಚಿ ನೋಡಬೇಕು. ಕಾನೂನು ಅಂದರೆ ನನ್ನ ಹಿಟ್ಟಿನ ಸಾಣಿಗಿಯಂತೆ, ಯಾವುದು ಮೇಲೆ ಉಳಿಯಿತು, ಯಾವುದು ಸೋರಿ ಹೋಯಿತು ಅಂತ ನೋಡದೆ ಹೊಗಳಬಾರದು ಅನ್ನುತ್ತಿದ್ದರು.

ಈ ಪಂಚಾಯಿತಿಗೆ ಮೊದಲು ಸಿಕ್ಕವನು ಶರಣಪ್ಪ. ಕೋರ್ಟಿನ ಗೇಟಿನ ಹತ್ತಿರ ಕೂತು ಕರಾರುಪತ್ರ, ಅರ್ಜಿ ಟೈಪು ಮಾಡಿಕೊಡುವವನು. ಕಂಪ್ಯೂಟರ್ ಬಂದರೂ ಎರಡೇ ಬೆರಳು. ಬಾಯಿ ಮಾತ್ರ ಹತ್ತು ಬೆರಳಿನಷ್ಟು. ತೆಲಂಗಾಣದ ಗಡಿಯ ಒಬ್ಬ ರೈತ ಕನ್ನಡದಲ್ಲಿ ತೆಲುಗು ಬೆರೆಸಿ ಮಾತಾಡಿದ್ದನ್ನು ಶರಣಪ್ಪ ಊಟದ ಹೊತ್ತಿಗೆ ಅಣಕಿಸಿ ತೋರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನ ಹಲಗೆಯ ಮೇಲೆ ಬ್ರಿಟನ್ ಇತ್ತು. ವಕೀಲಬಾಯಿ ಉಳ್ಳಾಗಡ್ಡಿ ಗುದ್ದಿದರು. ಬ್ರಿಟನ್ ಕಾನೂನಿನಲ್ಲಿ ಜನಾಂಗ ಅಂದರೆ ಬರೇ ಚರ್ಮದ ಬಣ್ಣ ಅಲ್ಲ. ಯಾವ ದೇಶದವರು, ಯಾವ ಮೂಲದವರು ಅನ್ನುವುದೂ ಅದರಲ್ಲೇ ಬರುತ್ತದೆ. ನಾನು ಬೇಕಂತ ಮಾಡಲಿಲ್ಲ, ತಮಾಷೆಗೆ ಮಾಡಿದೆ ಅಂದರೂ ನಡೆಯುವುದಿಲ್ಲ ಅಂದರು.

"ಹಂಗಾದ್ರ ನಾ ಸಿಕ್ಕೆನೇನ್ರಿ?" ಅಂದ ಶರಣಪ್ಪ.

"ಭಾಷಾದ ಮ್ಯಾಲ ಅರ್ಧಾ ಪಾರಾಗ್ತಿ, ಮೂಲದ ಮ್ಯಾಲ ಅರ್ಧಾ ಸಿಗ್ತಿ. ಬ್ರೆಜಿಲ್ ಇದ್ದ ದಿನ ಮಾತ್ರ ಬಾಯಿ ಮುಚ್ಚಿಕೊಂಡು ಉಣ್ಣಪ್ಪಾ."

ಅಂದಿನಿಂದ ಶರಣಪ್ಪ ಒಳಗೆ ಬರುವ ಮೊದಲು ಹಲಗೆ ನೋಡಿಕೊಂಡು ಬರತೊಡಗಿದ. ಅಡುಗೆ ನೋಡುತ್ತಾನೆ ಅಂತ ಹೊಸಬರು ತಿಳಿದುಕೊಳ್ಳುತ್ತಿದ್ದರು.

ಹೀಗೆ ಮಂದಿಯ ತಪ್ಪು ಸೋಸುತ್ತ ಚೆನ್ನಾಗಿಯೇ ನಡೆದಿತ್ತು. ಆಮೇಲೆ ನನ್ನ ಪಾಳಿ ಬಂತು.

ಬಸ್‌ಸ್ಟ್ಯಾಂಡ್ ಹತ್ತಿರದ ಬ್ಯೂಟಿ ಪಾರ್ಲರಿನಲ್ಲಿ ತೋಂಬಿ ಅಂತ ಒಬ್ಬ ಹುಡುಗಿ ಕೆಲಸ ಮಾಡುತ್ತಾಳೆ. ಮಣಿಪುರದವಳು, ಮಧ್ಯಾಹ್ನದ ಊಟ ನನ್ನ ಖಾನಾವಳಿಯಲ್ಲೇ. ಮದುವೆ ಸೀಜನ್ನಿನಲ್ಲಿ ಇಡೀ ತಾಲೂಕಿನ ಮದುಮಕ್ಕಳು ಅವಳ ಕೈಗೆ ಮುಖ ಕೊಡಲು ಸಾಲು ನಿಲ್ಲುತ್ತಾರೆ. ಆದರೆ ಅವಳಿಗೆ ಮನೆ ಕೊಡುವುದಕ್ಕೆ ಯಾರೂ ಸಾಲು ನಿಂತಿರಲಿಲ್ಲ. ಅವಳಿದ್ದ ಮನೆಯವರು ಮಗನ ಮದುವೆಗೆ ಮನೆ ಬೇಕೆಂದು ತಿಂಗಳ ಕೊನೆಗೆ ಖಾಲಿ ಮಾಡಲು ಹೇಳಿದ್ದರು. ಒಂಬತ್ತು ಕಡೆ ಕೇಳಿ ಬಂದಿದ್ದಳು, ಒಂಬತ್ತೂ ಕಡೆ ಇಲ್ಲ. ಖೋಲಿ ಸಿಗದಿದ್ದರೆ ಕೆಲಸ ಬಿಟ್ಟು ಹೊರಡಬೇಕು. ಕೆಲಸ ಅಂದರೆ ಬರೇ ಕೆಲಸ ಅಲ್ಲ. ಪಾರ್ಲರಿನ ಮಾಲಕಿ ಬರುವ ವರ್ಷದಿಂದ ಅಂಗಡಿಯನ್ನು ಅವಳ ಕೈಗೇ ಒಪ್ಪಿಸುವವಳಿದ್ದಳು.

ನಾನು ವಾಸವೂ ಇರುವ ಈ ಖಾನಾವಳಿಯ ಮೇಲೆ ಒಂದು ಖೋಲಿ ಖಾಲಿ ಇತ್ತು. ಅವಳು ಹತ್ತನೆಯವಳಾದ ನನ್ನನ್ನು ಕೇಳಿದಳು. ನಾನು ಹತ್ತನೆಯ ಇಲ್ಲ ಹೇಳಿದೆ. ಸುತ್ತಿ ಬಳಸಿ ಹೇಳುವ ಚಟ ನನಗಿಲ್ಲ. ನೀವು ಚೀನಾದ ಕಡೆಯವರು, ಒಣಮೀನು ಕುದಿಸುತ್ತೀರಿ, ನನ್ನ ಬಾಗಿಲ ಮೇಲೆ ಶುದ್ಧ ಶಾಕಾಹಾರಿ ಅಂತ ಬೋರ್ಡಿದೆ, ವಾಸನೆ ಬಂದರೆ ಗಿರಾಕಿ ಓಡುತ್ತಾರೆ ಅಂತ ಅಂದೆ.

ಅವಳು ಜಗಳ ಮಾಡಲಿಲ್ಲ. ನಿಧಾನಕ್ಕೆ ತನ್ನ ಹೊಸ ಕನ್ನಡದಲ್ಲಿ ಕೇಳಿದಳು: "ಆಯಿ, ನಾ ಚೀನಾ ನೋಡಿಲ್ಲ. ನೀವು ನೋಡೀರೇನು?"

ಮೂಲೆಯ ಮೇಜಿನಿಂದ ಉಳ್ಳಾಗಡ್ಡಿಯ ಸಪ್ಪಳ ಬಂತು.

ಮರುದಿನ ಹಲಗೆಯ ಮೇಲೆ ಫ್ರಾನ್ಸ್ ಇತ್ತು. ಆರೋಪಿ ನಾನು. ನಾನು ಹೆದರುವವಳಲ್ಲ, ವಾದ ಹಾಕಿದೆ. ಅವಳು ಚೀನಾದವಳು ಅಲ್ಲ ಅಂತ ನೀವೇ ಹೇಳುತ್ತೀರಿ. ಹಾಗಾದರೆ ನಾನು ಬೇಡ ಅಂದದ್ದು ಚೀನಾದವಳಿಗೆ, ಈಕೆಗೆ ಅಲ್ಲ. ಈಕೆಗೆ ಅದು ಹೇಗೆ ಹತ್ತುತ್ತದೆ? ಶರಣಪ್ಪ ಎದ್ದು ನಿಂತು ಶಭಾಶ್ ಅಂದ. ವಕೀಲಬಾಯಿ ವಹಿ ತೆಗೆದರು. ಫ್ರಾನ್ಸಿನವರು ನನ್ನಂಥವರನ್ನು ಮೊದಲೇ ನೋಡಿದ್ದಾರಂತೆ. ಅವರ ಕಾನೂನಿನಲ್ಲಿ, ಆ ಮನುಷ್ಯ ಆ ಜನದವನು ಖರೇ ಇರಲಿ, ನೀವು ಹಾಗಂತ ತಿಳಿದುಕೊಂಡಿರಲಿ, ಎರಡೂ ಒಂದೇ. ಜನಾಂಗ ಅನ್ನುವ ಮಾತಿನ ಹಿಂದೆಯೇ 'ಹಾಗೆಂದು ಕರೆಯಲಾಗುವ' ಅಂತ ಒಂದು ಮಾತು ಹಚ್ಚಿದ್ದಾರಂತೆ.

"ಜನಾಂಗ ಅನ್ನೋದೇ ಸುಳ್ಳು, ಆದ್ರ ಅದನ್ನ ನಂಬಿ ನೀ ಹಾಕಿದ ಬಾಗ್ಲ ಖರೇ ಅದ ಅಂತಾರ ಅವರು. ಫ್ರಾನ್ಸಿನಾಗ ನೀ ಸಿಕ್ಕಿ ಅಕ್ಕ."

ಸರಿ, ಬೇರೆ ದೇಶಕ್ಕೆ ನಡೆಯಿರಿ ಅಂದೆ. ಮೂರನೆಯ ದಿನ ದಕ್ಷಿಣ ಆಫ್ರಿಕಾ. ಅಲ್ಲಿ ಮೇಲ್ನೋಟಕ್ಕೆ ಭೇದ ಮಾಡಿದ್ದು ಕಂಡರೆ ಸಾಕು, ನಾನು ಮಾಡಿಲ್ಲ ಅಥವಾ ಮಾಡಿದ್ದು ನ್ಯಾಯ ಅಂತ ತೋರಿಸುವ ಭಾರ ನನ್ನ ತಲೆ ಮೇಲೆ. ಆ ದೇಶ ಬೇಡವೇ ಬೇಡ ಅಂದೆ. ನಾಲ್ಕನೆಯ ದಿನ ಅಮೆರಿಕ. ಅಲ್ಲಿನ ಮನೆ ಕಾನೂನಿನಲ್ಲಿ ಮಾಲಕಿ ತಾನೇ ವಾಸ ಇರುವ ಸಣ್ಣ ಮನೆಗೆ ಒಂದು ಸವಲತ್ತು ಇದೆ ಅಂತ ಅವರು ಓದಿದರು. ನಾನು ಖುಷಿಯಿಂದ ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ಪುಕ್ಕಟೆ ಕೊಟ್ಟೆ. ಮಜ್ಜಿಗೆ ಕುಡಿದು ತುಟಿಯ ಮೇಲಿನ ಮಜ್ಜಿಗೆಯ ಮೀಸೆ ಒರೆಸಿಕೊಂಡ ಮೇಲೆ ಅವರು ಪುಟ ತಿರುವಿದರು. ಗುಲಾಮಗಿರಿ ಹೋದ ಕಾಲದ ಇನ್ನೊಂದು ಹಳೆ ಕಾನೂನು ಅಲ್ಲಿದೆ, ಮನೆ ಹಿಡಿಯುವುದಕ್ಕೆ ಬಿಳಿಯರಿಗೆ ಇರುವ ಹಕ್ಕೇ ಎಲ್ಲರಿಗೂ ಅನ್ನುತ್ತದೆ, ಜನಾಂಗದ ಮಾತು ಬಂದರೆ ಆ ಸವಲತ್ತು ಅದರ ಮುಂದೆ ನಿಲ್ಲುವುದಿಲ್ಲ ಅಂದರು. ಇದನ್ನು ಮೊದಲೇ ಓದಿದ್ದರೆ ನನ್ನ ಮಜ್ಜಿಗೆ ಉಳಿಯುತ್ತಿತ್ತು ಅಂದರೆ, ಅದಕ್ಕೇ ಓದಲಿಲ್ಲ ಅಂದರು.

ಐದನೆಯ ದಿನ ಜಪಾನ್. ಅಲ್ಲಿ ಜನಾಂಗದ ದ್ವೇಷದ ಮಾತು ಆಡಬಾರದು ಅಂತ ಒಂದು ಕಾನೂನು ಇದೆ, ಆಡಿದರೆ ಶಿಕ್ಷೆ ಇಲ್ಲ. ಮನೆ ಕೊಡದಿದ್ದರೆ ಇಂಥ ಶಿಕ್ಷೆ ಅಂತ ಹೇಳುವ ಕಾನೂನೂ ಇಲ್ಲ. ಇನ್ನು ಮೇಲೆ ದಿನಾ ಜಪಾನ್ ಬರೆಯಿರಿ ಅಂದೆ. ಖಾನಾವಳಿ ತುಂಬ ನಗೆ.

"ಅಷ್ಟ ದೂರ ಯಾಕ ಹೋಗ್ತಿ?" ಅಂದರು ವಕೀಲಬಾಯಿ. "ನಮ್ಮ ದೇಶದಾಗೇ ನೀ ಪಾರಾಗ್ತಿ."

ಆರನೆಯ ದಿನ ಭಾರತ ಬರೆದರು. ನಮ್ಮ ಸಂವಿಧಾನ ಸರಕಾರಕ್ಕೆ, ಧರ್ಮ, ಜನಾಂಗ, ಜಾತಿ, ಹೆಣ್ಣು ಗಂಡು, ಹುಟ್ಟಿದ ಜಾಗ ಇವನ್ನೇ ನೋಡಿ ಭೇದ ಮಾಡಬೇಡ ಅನ್ನುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನದ ಘಟ್ಟಗಳಲ್ಲಿ ಯಾರನ್ನೂ ತಡೆಯಬಾರದು ಅನ್ನುತ್ತದೆ. ಆದರೆ ಒಬ್ಬಳ ಮನೆಯ ಮೇಲಿನ ಬಾಡಿಗೆ ಖೋಲಿ ಅಂತ ಆ ಕಲಮಿನಲ್ಲಿ ಬರೆದಿಲ್ಲ. ಕೆಳಗಿನ ಖಾನಾವಳಿಯಲ್ಲಿ ತೋಂಬಿಗೆ ಊಟ ಇಲ್ಲ ಅಂದರೆ ನಾನು ಸಿಕ್ಕಿದೆ. ಹನ್ನೆರಡು ಮೆಟ್ಟಿಲು ಹತ್ತಿ ಖೋಲಿ ಇಲ್ಲ ಅಂದರೆ ಆ ಕಲಮು ನನ್ನನ್ನು ಹಿಡಿಯುವುದಿಲ್ಲ. ಇದನ್ನು ಅವರು ಪೂರ್ತಿ ನಿಷ್ಠೆಯಿಂದ, ನನ್ನ ಕಡೆಯ ವಕೀಲರಂತೆ ವಾದಿಸಿದರು. ನಾನು ಗೆದ್ದೆ. ಶರಣಪ್ಪ ಕೈ ಕುಲುಕಿದ. ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ತೋಂಬಿ ಊಟದ ತಾಟು ತೊಳೆದಿಟ್ಟು, ಆಯಿ, ಪೆಟ್ಟಿಗೆ ಕಟ್ಟಲು ಹಗ್ಗ ಇದ್ದರೆ ಕೊಡಿ ಅಂದಳು. ಕೊಟ್ಟೆ.

ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಹಲಗೆ ನೋಡಿದೆ. ಜೋಳದ ರೊಟ್ಟಿ, ಬದನೀಕಾಯಿ ಪಲ್ಯ, ಬ್ಯಾಳಿ. ಅದರ ಕೆಳಗೆ: ವಾಡಿ.

ಗಿರಾಕಿಗಳು ಕೇಳಿದರು, ವಾಡಿ ಯಾವಾಗ ದೇಶ ಆಯಿತು, ಪಾಸ್‌ಪೋರ್ಟ್ ಬೇಕೋ, ಪ್ಯಾಸೆಂಜರ್ ಗಾಡಿ ಸಾಕೋ. ಮೂರು ರೊಟ್ಟಿ ತಿನ್ನುವ ವಕೀಲಬಾಯಿ ಆ ದಿನ ಎರಡೇ ತಿಂದು ಕೋರ್ಟಿಗೆ ಹೋದರು. ವಾಡಿ ಯಾಕೆ ಅಂತ ನನಗೊಬ್ಬಳಿಗೇ ತಿಳಿದಿತ್ತು.

ನಾನು ಹೊಳೆ ದಂಡೆಯ ಜನರ ಮಗಳು. ನಮ್ಮಪ್ಪ ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದ, ಬಲೆ ಬೀಸುತ್ತಿದ್ದ. ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೆ ವಾಡಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಕೆಲಸ ಸಿಕ್ಕಿತು. ಇಬ್ಬರೂ ಮನೆ ಹುಡುಕಿದೆವು. ಒಬ್ಬ ಹೆಣ್ಣುಮಗಳು ಖೋಲಿ ತೋರಿಸಿ, ಬಾಡಿಗೆಯನ್ನೂ ಒಪ್ಪಿ, ಕೊನೆಗೆ ನೀವು ಯಾವ ಮಂದಿ ಅಂತ ಕೇಳಿದಳು. ಹೇಳಿದೆ. ಸೆರಗು ಮೂಗಿಗೆ ಹಿಡಿದಳು. ನಾವು ಇನ್ನೂ ಒಲೆ ಸಹ ಹಚ್ಚಿರಲಿಲ್ಲ. ಹನ್ನೊಂದು ದಿನ ಶೆಡ್ಡಿನ ಹಿಂದೆ ತಾಡಪತ್ರಿ ಕಟ್ಟಿಕೊಂಡು ಇದ್ದೆವು. ಸೇಡಂಗೆ ಬಂದು ಖಾನಾವಳಿ ಹಾಕುವಾಗ ಶಾಕಾಹಾರಿ ಬೋರ್ಡು ಬರೆಸಿದ್ದು ಅದಕ್ಕೇ, ಯಾರೂ ಮೂಗು ಹಿಡಿಯಬಾರದು ಅಂತ. ಈ ಸಂಗತಿಯನ್ನು ನಾನು ವಕೀಲಬಾಯಿಗೆ ಒಂದೇ ಒಂದು ಸಲ ಹೇಳಿದ್ದೆ.

ನನಗೆ ನಾಚಿಕೆ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹಲಗೆಗೆ ಏನು ಬೈಯುವುದು? ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಮಧ್ಯಾಹ್ನದ ಊಟ ಮುಗಿಯುತ್ತಲೇ ಕೀಲಿ ತೆಗೆದುಕೊಂಡು ಪಾರ್ಲರಿಗೆ ನಡೆದೆ. ತೋಂಬಿ ಒಬ್ಬ ಮದುಮಗಳ ಅರ್ಧ ಮುಖಕ್ಕೆ ಬಣ್ಣ ಹಚ್ಚಿ ಮುಗಿಸಿದ್ದಳು, ಅರ್ಧ ಬಾಕಿ ಇತ್ತು. ಕೀಲಿ ಅವಳ ಮುಂದಿಟ್ಟು, ಕೆಲಸ ಮುಗಿಸಿ ಬಂದು ಖೋಲಿ ನೋಡು ಅಂದೆ.

"ಆಯಿ, ಮೀನು?" ಅಂದಳು.

"ಅದರ ಜಗಳ ಆಮ್ಯಾಲ ಮಾಡೋಣ. ಮೊದಲ ಸಾಮಾನ ತಂದು ಹಾಕು."

ಅರ್ಧ ಮುಖದ ಮದುಮಗಳು ಕನ್ನಡಿಯಲ್ಲೇ ನಮ್ಮಿಬ್ಬರನ್ನೂ ನೋಡಿ ನಕ್ಕಳು. ನಕ್ಕರೆ ಬಣ್ಣ ಒಡೆಯುತ್ತದೆ ಅಂತ ತೋಂಬಿ ಅವಳನ್ನು ಗದರಿಸಿದಳು.

ಜಗಳ ಆಯಿತು. ಬಾಡಿಗೆ ಕರಾರು ಬರೆಸುವಾಗ ಶರಣಪ್ಪನ ಕಂಪ್ಯೂಟರಿನ ಮುಂದೆ ನಾವು ಮೂವರು ಹೆಂಗಸರು ಒಂದು ತಾಸು ಕೂತೆವು. ಕೋರ್ಟಿಗೆ ರಜೆ ಇರುವ ಭಾನುವಾರ ಮಾತ್ರ ಮೀನು ಅಂತ ನಾನು ಬರೆಸಿದೆ. ತೋಂಬಿ ಒಪ್ಪಿದಳು. ಹಾಗಾದರೆ ಮಾಲಕರ ಮೇಲೂ ಒಂದು ಕಲಮು ಬೇಕು, ಭೇದಭಾವ ಅಂದರೆ ಏನು ಅಂತ ಗಂಗಕ್ಕನೇ ಹೇಳಲಿ ಅಂದರು ವಕೀಲಬಾಯಿ. ನಾನು ನನ್ನ ಮಾತಿನಲ್ಲಿ ಹೇಳಿದೆ, ಅವರು ಕಾಗದದ ಭಾಷೆಗೆ ತಂದರು: ಬಾಡಿಗೆದಾರರ ಮುಖ ನೋಡಿ, ಊರು ಕೇಳಿ, ಇವರು ಹೀಗೇ ಎಂದು ಅವರು ಒಲೆ ಹಚ್ಚುವ ಮೊದಲೇ ಮನಸ್ಸಿನಲ್ಲಿ ಠರಾಯಿಸಿ ಬಾಗಿಲು ಹಾಕುವುದನ್ನು ಮಾಲಕರು ಮಾಡತಕ್ಕದ್ದಲ್ಲ.

ವಕೀಲಬಾಯಿ ಅದನ್ನು ಎರಡು ಸಲ ಓದಿದರು. ನೀಲಿ ವಹಿ ತೆಗೆದು ಒಂದು ಖಾಲಿ ಪುಟದಲ್ಲಿ ಬರೆದುಕೊಂಡರು. ಆಮೇಲೆ ತಲೆ ಎತ್ತಿ, "ಶಿಕ್ಷೆ ಏನು? ಇಲ್ಲಾಂದ್ರ ಜಪಾನ್ ಆಗ್ತದ" ಅಂದರು. ಮಾಲಕಿ ಹನ್ನೊಂದು ತಿಂಗಳು ಬಾಡಿಗೆದಾರರ ಕುಡಿಯುವ ನೀರು ಮೇಲೆ ಹೊರಬೇಕು ಅಂತ ತೋಂಬಿ ಸೂಚಿಸಿದಳು. ನನ್ನ ಮೊಣಕಾಲಿನ ಸ್ಥಿತಿ ಗೊತ್ತಿದ್ದೇ ಸೂಚಿಸಿದಳು. ಇದು ಯಾವ ಕಾಯಿದೆಯಲ್ಲೂ ಇಲ್ಲ, ಇಂಥದ್ದನ್ನು ಟೈಪು ಮಾಡಿದರೆ ನಾಲ್ಕು ಮಂದಿ ನಗುತ್ತಾರೆ ಅಂತ ಶರಣಪ್ಪ ಗೊಣಗುತ್ತಲೇ ಎರಡು ಬೆರಳಿನಲ್ಲಿ ಕುಟ್ಟಿದ.

ಭಾನುವಾರದ ಕಲಮು ಮುರಿದವಳು ತೋಂಬಿಯಲ್ಲ. ಎರಡನೆಯ ಭಾನುವಾರ ಮೇಲಿಂದ ವಾಸನೆ ಬಂತು. ಎಷ್ಟೋ ವರ್ಷದ ನಂತರ ನನ್ನ ಬಾಯಲ್ಲಿ ನೀರು ಬಂತು. ಮೆಟ್ಟಿಲು ಹತ್ತಿ ಹೋದೆ. ಅವರದು ಕುದಿಸಿ ಅರೆದು ಮಾಡುವ ಮೀನಿನ ಚಟ್ನಿಯಂಥದ್ದು, ನಮ್ಮವ್ವ ಮಾಡುತ್ತಿದ್ದುದಕ್ಕಿಂತ ವಾಸನೆ ಜೋರು, ಖಾರ ಕಮ್ಮಿ. ಖಾರ ನಾನು ಹೆಚ್ಚಿಸಿದೆ. ಅದಾದ ಮೇಲೆ ಒಂದು ಬುಧವಾರ ನಾನೇ ಮೇಲೆ ಹೋಗಿ, ಇವತ್ತು ಭಾನುವಾರ ಅಂತ ತಿಳಿದುಕೋ ಅಂದೆ. ವಕೀಲಬಾಯಿ ತಮ್ಮ ಮೂರು ರೊಟ್ಟಿಯನ್ನು ಕೆಳಗಿಂದ ಎತ್ತಿಕೊಂಡು ಮೇಲೆ ಬಂದು ಕೂತರು. ಗಿರಾಕಿಗಳಲ್ಲಿ ಇಬ್ಬರು ಬರುವುದು ಬಿಟ್ಟರು. ಶರಣಪ್ಪನೂ ಎಂಟು ದಿನ ಬರಲಿಲ್ಲ, ಶರಣರ ಮನೆತನದವನು ನಾನು ಅಂದ. ಒಂಬತ್ತನೆಯ ದಿನ ಪುಂಡಿಪಲ್ಯಕ್ಕೆ ಬಂದು ಕೂತ. ನಾನು ಎರಡು ಚಮಚ ಹೆಚ್ಚಿಗೆ ಹಾಕಿದೆ.

ವಕೀಲಬಾಯಿ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಎದೆ ನೋವು ಅಂದರು, ಅರ್ಧ ದಿನದಲ್ಲಿ ಮುಗಿಯಿತು. ಅದರ ಹಿಂದಿನ ದಿನ ಖಾನಾವಳಿಗೆ ಬಂದಿದ್ದರು, ಬ್ಯಾಳಿ ನೀರಾಗಿದೆ ಅಂತ ಬೈದು ಹೋಗಿದ್ದರು. ನಾನೂ ಬೈದಿದ್ದೆ. ತೋಂಬಿಯನ್ನು ಕರೆದುಕೊಂಡು ಚಂದಾಪುರಕ್ಕೆ ಹೋದೆ. ಬಿಳಿ ಬಟ್ಟೆಯಲ್ಲಿ ಮಲಗಿಸಿ, ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ವಂದನೆ ಹೇಳುತ್ತಿದ್ದರು. ಅವರು ಸುಮ್ಮನೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅದು ಸೇರಲಿಲ್ಲ. ಬೇಗ ಎದ್ದು ಬಂದೆ.

ಈ ವರ್ಷ ಕರಾರು ಮತ್ತೆ ಬರೆಸಬೇಕಾಯಿತು. ತೋಂಬಿ ಈಗ ಪಾರ್ಲರಿನ ಮಾಲಕಿ, ಕೈಕೆಳಗೆ ಇಬ್ಬರು ಕೆಲಸಕ್ಕಿದ್ದಾರೆ. ಶರಣಪ್ಪ ಹಳೆಯ ಕಾಗದ ತೆರೆದು, ಹೆಸರು, ತಾರೀಖು ಬದಲಿಸುತ್ತ ಬಂದವನು ನನ್ನ ಕಲಮಿನ ಹತ್ತಿರ ಬೆರಳು ನಿಲ್ಲಿಸಿದ. ಬರೆಸಿದವರೇ ಇಲ್ಲ, ಇದನ್ನು ತೆಗೆದುಬಿಡಲೇನು ಅಂತ ಕೇಳಿದ. ಬರೆಸಿದವಳು ನಾನು, ಇನ್ನೂ ಸತ್ತಿಲ್ಲ, ಮುಂದೆ ಕುಟ್ಟು ಅಂದೆ. ಕುಟ್ಟಿದ.

ಕೊನೆಗೆ ಸಾಕ್ಷಿಯ ಜಾಗ ಬಂತು. ಹಿಂದಿನ ಕರಾರುಗಳಲ್ಲಿ ಅಲ್ಲಿ ವಕೀಲಬಾಯಿಯ ಸಹಿ. ತೋಂಬಿ ಪೆನ್ನಿನ ಮುಚ್ಚಳ ತೆಗೆದು ಶರಣಪ್ಪನ ಕಡೆ ಹಿಡಿದಳು.

"ನಾ ಹೆಂಗ ಸಾಕ್ಷಿ ಆಗ್ತೀನಿ?" ಅಂದ. "ನಿಮ್ಮ ಮೀನಿನ ವಾಸನಿ ನನಗ ಇನ್ನೂ ಸೇರಂಗಿಲ್ಲ."

"ಸೇರಬೇಕಂತ ಅದರಾಗ ಎಲ್ಲಿ ಬರದೈತಿ? ಓದಿ ನೋಡು" ಅಂದೆ.

ಅವನು ಖರೇನೇ ಮೇಲಿಂದ ಕೆಳಗೆ ಓದಿದ. ತಾನೇ ಟೈಪು ಮಾಡಿದ್ದನ್ನು ಮೊದಲ ಸಲ ಓದುವವನಂತೆ ಓದಿದ. ಆಮೇಲೆ ಕನ್ನಡಕ ಏರಿಸಿಕೊಂಡು ಸಹಿ ಹಾಕಿದ. ವಕೀಲಬಾಯಿ ಸಹಿ ಮಾಡಿದರೆ ಅದರ ಬಾಲ ಕಾಗದದ ಅಂಚು ದಾಟಿ ಮೇಜಿನ ಮೇಲೆ ಹೋಗುತ್ತಿತ್ತು. ಶರಣಪ್ಪನದು ಗೆರೆಯ ಮೇಲೆ ಸಣ್ಣಗೆ ಕೂತಿದೆ. ಇರಲಿ, ನಡೆಯುತ್ತದೆ.